ಮೊದಲು ಸದ್ದು ಹುಡುಕಿ, ಸ್ಪ್ರಿಂಗ್ ಆಮೇಲೆ

ಗಾಡಿಯ ಸಸ್ಪೆನ್ಶನ್ ಇಂಪ್ರೂವ್ ಮಾಡಿಸಿದೆ ಎಂದು ನಮ್ಮ ಕಡೆ ಯಾರಾದರೂ ಹೇಳಿದರೆ ಅದರ ಅರ್ಥ ಹೆಚ್ಚಾಗಿ ಇಷ್ಟೇ: ಕಂಪನಿಯ ಸ್ಪ್ರಿಂಗ್ ತೆಗೆದು ಗಿಡ್ಡನೆಯ, ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದಾರೆ. ಗಾಡಿ ನೆಲಕ್ಕೆ ಮೂರು ನಾಲ್ಕು ಬೆರಳು ಹತ್ತಿರ ಬಂದಿದೆ. ರವೀಂದ್ರನಾಥ ಟಾಗೋರ್ ಬೀಚಿನ ಹತ್ತಿರ ನಿಲ್ಲಿಸಿ ಫೋಟೋ ತೆಗೆದರೆ ಚೆಂದ ಕಾಣುತ್ತದೆ. ಆದರೆ ಅದೇ ಗಾಡಿ ಪೇಟೆಯ ಒಳರಸ್ತೆಗೆ ಬಂತೆಂದರೆ ಮೂಳೆ ಮೂಳೆ ಅಲುಗುತ್ತದೆ, ಎಲ್ಲಿಂದಲೋ ಖಟಖಟ ಶುರುವಾಗುತ್ತದೆ. ಆಗ ಸದ್ದು ಕೇಳದಿರಲಿ ಎಂದು ಮ್ಯೂಸಿಕ್ ಸಿಸ್ಟಮ್ ದೊಡ್ಡದು ಮಾಡುತ್ತಾರೆ.

ಸ್ನೇಹಿತರೇ, ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ ಹದಿನೆಂಟು ತುಂಬಿಲ್ಲ, ಲೈಸೆನ್ಸ್ ಇಲ್ಲ. ಹಾಗಿದ್ದರೂ ನಮ್ಮ ಅಣ್ಣಂದಿರ, ಭಾಯಿಗಳ ಗಾಡಿಗೆ ಏನು ಹಾಕಿಸಬೇಕು ಎಂಬ ಚರ್ಚೆ ಕ್ಯಾಂಟೀನಿನಲ್ಲಿ ನಿತ್ಯ ನಡೆಯುತ್ತದೆ. ಮುಂದಿನ ವರ್ಷ ಆ ಹಣ ಖರ್ಚು ಮಾಡುವವರು ನಾವೇ. ಅದಕ್ಕೇ ಈಗಲೇ ಹೇಳಿಬಿಡುತ್ತೇನೆ: ಗಾಡಿ ಸದ್ದು ಮಾಡುತ್ತಿದೆ, ಸರಿಯಾಗಿ ಓಡುತ್ತಿಲ್ಲ ಎಂದಾಗ ಮೊದಲು ಮಾಡಬೇಕಾದ್ದು ಹುಡುಕುವ ಕೆಲಸ. ಹುಡುಕದೆ ಹೊಸ ಸಾಮಾನು ಹಾಕಿಸುವುದು ಜ್ವರದ ಕಾರಣ ಕೇಳದೆ ಮೆಡಿಕಲ್ ಅಂಗಡಿಯಿಂದ ದುಬಾರಿ ಗುಳಿಗೆ ತಂದು ನುಂಗಿದ ಹಾಗೆ.

ಇದನ್ನು ನಾನು ಯಾವುದೋ ವಿಡಿಯೋ ನೋಡಿ ಹೇಳುತ್ತಿಲ್ಲ. ನನ್ನ ಮಾಮು ಅಂಕೋಲೆಯಲ್ಲಿ ಗ್ಯಾರೇಜ್ ಇಟ್ಟಿದ್ದಾರೆ. ಹುಬ್ಬಳ್ಳಿ ಕಡೆಯಿಂದ ಅರಬೈಲ್ ಘಟ್ಟ ಇಳಿದು ಬರುವ ಹೆದ್ದಾರಿ 52 ಬಾಳೆಗುಳಿಯಲ್ಲಿ ಹೆದ್ದಾರಿ 66ಕ್ಕೆ ಸೇರುತ್ತದಲ್ಲ, ಅಲ್ಲಿಂದ ಹೆಚ್ಚು ದೂರವಿಲ್ಲ. ಮೀನಿನ ಟೆಂಪೋ, ರಿಕ್ಷಾ, ಬೊಲೆರೊ, ಘಟ್ಟದಲ್ಲಿ ಬ್ರೇಕ್ ಬಿಸಿಯಾಗಿ ವಾಸನೆ ಬಂತು ಎಂದು ಹೆದರಿಕೊಂಡು ಬರುವ ಪ್ರವಾಸಿಗಳ ಕಾರು, ಇವೇ ಅವರ ಗಿರಾಕಿಗಳು. ರಜೆಯಲ್ಲಿ ನಾನು ಪಾನಾ ಎತ್ತಿಕೊಡುತ್ತೇನೆ, ಬಿಲ್ ಬರೆಯುತ್ತೇನೆ, ಜುಮ್ಮಾ ದಿನ ಮಧ್ಯಾಹ್ನ ಶಟರ್ ಎಳೆಯುತ್ತೇನೆ.

ಕಳೆದ ದಸರಾ ರಜೆಯಲ್ಲಿ ಅಲ್ಲಿಗೆ ಒಂದು ಸ್ಪೋರ್ಟ್ಸ್ ಕಾರು ಬಂತು. ಎರಡೇ ಸೀಟು, ಬಟ್ಟೆಯ ಮಡಚುವ ಮಾಡು, ವಯಸ್ಸು ಇಪ್ಪತ್ತರ ಹತ್ತಿರ. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ, ಕಂಪನಿಯವರು ಮಾಡಿದ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಮಾಲೀಕರು ಸದಾಶಿವಗಡ ಕಡೆಯವರು. ಕಾರು ಕೊಂಡಾಗ ಸಣ್ಣದಾಗಿ ಸದ್ದು ಬರುತ್ತಿತ್ತಂತೆ. ಎಲ್ಲೋ ಒಂದು ಕಡೆ ತೋರಿಸಿದರೆ, ಸಸ್ಪೆನ್ಶನ್ ಹಳೆಯದಾಗಿದೆ, ಇಡೀ ಸೆಟ್ ಗಟ್ಟಿಯದು ಹಾಕಿಸಿ, ಗಾಡಿ ರೇಸ್ ಕಾರಿನಂತೆ ಆಗುತ್ತದೆ ಎಂದರು. ಹಾಕಿಸಿದರು. ಮೊದಲು ಒಂದು ಸದ್ದು ಇದ್ದದ್ದು ಈಗ ನಾಲ್ಕಾಯಿತು. ನಾಲ್ಕು ಎಂಬುದು ಗೊತ್ತಾದದ್ದೂ ಮಾಮು ಎಣಿಸಿದ ಮೇಲೆ. ಮಾಲೀಕರ ಲೆಕ್ಕದಲ್ಲಿ ಅದು "ಗಡಗಡ" ಅಷ್ಟೇ.

ಇಲ್ಲಿ ಒಂದು ಮಾತು. ಕನ್ನಡ ತರಗತಿಯಲ್ಲಿ ಅನುಕರಣಾವ್ಯಯ ಎಂದು ಓದಿದ್ದೇವೆ: ಗಡಗಡ, ಪಟಪಟ, ಧಡಧಡ. ಎರಡು ಅಂಕದ ಪ್ರಶ್ನೆ, ಮುಗಿದರೆ ಮುಗಿಯಿತು. ಗ್ಯಾರೇಜಿನಲ್ಲಿ ಅದೇ ಅರ್ಧ ರೋಗ ಪತ್ತೆ. ಝಣಝಣ ಎಂದರೆ ತೆಳು ತಗಡು. ಖಟಖಟ ಎಂದರೆ ಎರಡು ಗಟ್ಟಿ ವಸ್ತುಗಳ ನಡುವೆ ಕೂದಲೆಳೆಯಷ್ಟು ಸಡಿಲ. ಕಿರ್ ಕಿರ್ ಎಂದರೆ ಒಣಗಿದ ರಬ್ಬರ್ ಅಥವಾ ಒಂದಕ್ಕೊಂದು ಉಜ್ಜುವ ಪ್ಲಾಸ್ಟಿಕ್. ಬ್ರೇಕ್ ಹಾಕಿದಾಗ ಒಂದೇ ಸಲ ಕಟಕ್ ಎಂದರೆ ಭಾರ ಹೊತ್ತ ಯಾವುದೋ ಕೀಲು ತನ್ನ ಜಾಗದಿಂದ ಸರಿದು ಮತ್ತೆ ಕೂತಿದೆ. ಧಡ್ ಎಂದರೆ ದೊಡ್ಡದೇ ಏನೋ ಬಿದ್ದು ಕೂತಿದೆ. ಗಿರಾಕಿಗಳಿಗೆ ಮಾಮು ಕೇಳುವ ಮೊದಲ ಪ್ರಶ್ನೆಯೇ "ಬಾಯಿಂದ ಮಾಡಿ ತೋರಿಸಿ". ದೊಡ್ಡ ದೊಡ್ಡ ಸಾಹೇಬರು ಗ್ಯಾರೇಜಿನ ಮುಂದೆ ನಿಂತು ಕಟಕ್ ಕಟಕ್ ಎನ್ನುವುದು ನೋಡಲು ತಮಾಷೆಯಾಗಿರುತ್ತದೆ. ಆದರೆ ಅದು ಕೆಲಸಕ್ಕೆ ಬರುತ್ತದೆ.

ಮಾಮು ಜಾಕಿ ಮುಟ್ಟಲಿಲ್ಲ. "ಬೇಟಾ, ಪೆಹ್ಲೆ ಡಿಕ್ಕಿ ಖಾಲಿ ಕರೋ" ಎಂದರು. ಜಾಕಿ, ಹಿಡಿಕೆ, ಪಾನಾ ಸುತ್ತಿದ ಚೀಲ, ನೀರಿನ ಸ್ಟೀಲ್ ಬಾಟಲಿ, ಒಂದು ಛತ್ರಿ, ಸ್ಟೆಪ್ನಿ ಕೂಡ ಹೊರಗೆ ಬಂತು. ಗ್ಲೋವ್ ಬಾಕ್ಸಿನಿಂದ ಚಿಲ್ಲರೆ ಹಣ ಮತ್ತು ಒಂದು ಹಳೆಯ ಕನ್ನಡಕದ ಡಬ್ಬಿ. ಆಮೇಲೆ ಟೈರಿನ ಗಾಳಿ ಅಳೆದರು. ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಿದ್ದಕ್ಕಿಂತ ಬಹಳ ಹೆಚ್ಚು ತುಂಬಿಸಿದ್ದರು. ಅದನ್ನು ಚೀಟಿಯ ಅಳತೆಗೆ ಇಳಿಸಿದರು. ಟೈರೂ ಒಂದು ಸ್ಪ್ರಿಂಗೇ. ಗಾಳಿ ಹೆಚ್ಚಾದರೆ ರಸ್ತೆಯ ಪ್ರತಿ ಕಲ್ಲೂ ಒಳಗೆ ಬಂದು ಬಾಗಿಲು ತಟ್ಟುತ್ತದೆ. ಇಷ್ಟಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ, ಖಟಖಟದ ಅರ್ಧ ಹೋಯಿತು.

ಉಳಿದರ್ಧಕ್ಕೆ ಮಾಮು ಕಾರು ನಡೆಸಿದರು, ನಾನು ಪಕ್ಕದಲ್ಲಿ ಕೂತು ಕೇಳಿದೆ. ನಡೆಸುವವನೇ ಸದ್ದು ಹುಡುಕಬಾರದು ಎಂಬುದು ಅವರ ನಿಯಮ. ಕಿವಿ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಹೋಗುತ್ತದೆ. ಇಂಟರ್‌ಲಾಕ್ ಹಾಕಿದ ಒಂದು ಒಳರಸ್ತೆಯಲ್ಲಿ ಗಂಟೆಗೆ 15-20 ಕಿ.ಮೀ. ವೇಗದಲ್ಲಿ ಹೋದೆವು. ಬ್ರೇಕ್ ಪೆಡಲ್ ಮೇಲೆ ಕಾಲನ್ನು ಹಗುರವಾಗಿ ಇಟ್ಟರು. ಸದ್ದು ಬದಲಾಗಲಿಲ್ಲ, ಹಾಗಾದರೆ ಬ್ರೇಕ್ ಪ್ಯಾಡ್ ಅಲ್ಲ. ನಿಂತಲ್ಲೇ ಸ್ಟಿಯರಿಂಗ್ ಎರಡೂ ಕಡೆ ತಿರುಗಿಸಿದರು. ಸದ್ದಿಲ್ಲ, ಹಾಗಾದರೆ ಸ್ಟ್ರಟ್ಟಿನ ಮೇಲಿನ ಮೌಂಟಿಂಗ್ ಮೇಲೆ ಅನುಮಾನ ಕಡಿಮೆ. ಆಮೇಲೆ ಬಟ್ಟೆಯ ಮಾಡು ಮಡಚಿ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಮತ್ತೆ ಹೋದೆವು. ಖಟಖಟ ಮಾಯ! ಮಾಡನ್ನು ಕನ್ನಡಿಯ ಚೌಕಟ್ಟಿಗೆ ಹಿಡಿಯುವ ಕೊಂಡಿಯ ರಬ್ಬರ್ ನಮ್ಮ ಬಿಸಿಲಿಗೂ ಉಪ್ಪುಗಾಳಿಗೂ ಕಲ್ಲಾಗಿತ್ತು. ಹೊಸ ರಬ್ಬರ್ ತುಂಡು ಅಂಟಿಸಿ, ಕೊಂಡಿಯ ಬಿಗಿತ ಎರಡು ಸುತ್ತು ಹೆಚ್ಚಿಸಿದ್ದಕ್ಕೆ ಅದು ಮುಗಿಯಿತು. ಈ ಒಂದು ಸದ್ದಿಗಾಗಿಯೇ ಆ ಮಹಾಶಯರು ಇಡೀ ಸಸ್ಪೆನ್ಶನ್ ಬದಲಿಸಿದ್ದು!

ನನಗೆ ಇಷ್ಟವಾದದ್ದು "ಅದೇ ರಸ್ತೆ, ಅದೇ ವೇಗ" ಎಂಬುದು. ಲ್ಯಾಬಿನಲ್ಲಿ ನಾವು ಒಂದನ್ನು ಬದಲಿಸಿ ಉಳಿದದ್ದನ್ನು ಹಾಗೇ ಇಡುತ್ತೇವೆ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತೇವೆ, ಮತ್ತು ರೀಡಿಂಗನ್ನು ಹಿಂದಿನ ಬ್ಯಾಚಿನ ಪುಸ್ತಕದಿಂದ ಇಳಿಸುತ್ತೇವೆ ಎಂಬುದು ಎಲ್ಲರಿಗೂ ಗೊತ್ತು (ಸರ್, ಕ್ಷಮಿಸಿ). ಗ್ಯಾರೇಜಿನಲ್ಲಿ ಹಾಗೆ ಇಳಿಸಲು ಆಗುವುದಿಲ್ಲ. ಒಂದೇ ದಿನ ಗಾಳಿ, ಸ್ಪ್ರಿಂಗ್, ಬುಷ್ ಎಲ್ಲ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ.

ಎರಡನೆಯದು ಝಣಝಣ. ಅದು ನಿಂತಾಗಲೂ ಬರುತ್ತಿತ್ತು, ಆದರೆ ಎಂಜಿನ್ ನಿಮಿಷಕ್ಕೆ 1,800 ಸುತ್ತಿನ ಹತ್ತಿರ ಇದ್ದಾಗ ಮಾತ್ರ. ಅದಕ್ಕಿಂತ ಕಡಿಮೆಯಲ್ಲೂ ಇಲ್ಲ, ಹೆಚ್ಚಿನಲ್ಲೂ ಇಲ್ಲ. ಲೆಕ್ಕ ಮಾಡಿ ನೋಡಿ: 1,800 ಎಂದರೆ ಸೆಕೆಂಡಿಗೆ 30 ಸುತ್ತು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಸುತ್ತಿಗೆ ಎರಡು ಸಲ ಇಂಧನ ಉರಿಯುತ್ತದೆ, ಅಂದರೆ ಸೆಕೆಂಡಿಗೆ 60 ಹೊಡೆತ. ಯಾವುದೋ ತಗಡಿನ ಸ್ವಂತ ಆವೃತ್ತಿ ಅಲ್ಲಿಯೇ 60 ಹರ್ಟ್ಸ್ ಹತ್ತಿರ ಇದೆ, ಆ ಹೊಡೆತಕ್ಕೆ ತಾಳ ಹಾಕುತ್ತಿದೆ. ಇದೇ ರೆಸೊನೆನ್ಸ್. ಮಾಮುಗೆ ಈ ಪದ ಬೇಕಾಗಿಲ್ಲ. ಅವರು ಕಾರನ್ನು ಪಿಟ್ಟಿನ ಮೇಲೆ ನಿಲ್ಲಿಸಿ, ನನ್ನಿಂದ ಆಕ್ಸಿಲರೇಟರ್ ಹಿಡಿಸಿ, ಉದ್ದನೆಯ ಮರದ ಕೋಲಿನಿಂದ ಒಂದೊಂದೇ ತಗಡನ್ನು ಒತ್ತುತ್ತ ಹೋದರು. ಸೈಲೆನ್ಸರಿನ ಬಿಸಿ ತಡೆಯುವ ತಗಡನ್ನು ಒತ್ತಿದಾಗ ಸದ್ದು ನಿಂತಿತು. ಅದರ ಒಂದು ಬೋಲ್ಟ್ ತುಕ್ಕು ಹಿಡಿದು ಉದುರಿತ್ತು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಉಳಿದ ದಿನ ಸಮುದ್ರದ ಉಪ್ಪು, ಜೊತೆಗೆ ಮುಂದೆ ಹೋಗುವ ಮೀನಿನ ಲಾರಿಯಿಂದ ಸುರಿಯುವ ನೀರು. ನಮ್ಮ ಕರಾವಳಿಯಲ್ಲಿ ಬೋಲ್ಟ್ ಬದುಕುವುದೇ ದೊಡ್ಡದು. ಒಂದು ಕ್ಲಿಪ್ ಬಿಗಿದು ಅದನ್ನು ಮುಗಿಸಿದರು.

ಮೂರನೆಯದು ಬ್ರೇಕ್ ಹಾಕಿದಾಗ ಬರುವ ಕಟಕ್. ಇದು ಮಾತ್ರ ಹಗುರವಾಗಿ ತೆಗೆದುಕೊಳ್ಳುವ ಸದ್ದಲ್ಲ. ಮುಂದಿನ ಎಡಚಕ್ರದ ಲೋವರ್ ಆರ್ಮಿನ ಬುಷ್ ಹರಿದಿತ್ತು. ಬುಷ್ ಎಂದರೆ ಎರಡು ಲೋಹದ ಕೊಳವೆಗಳ ನಡುವೆ ಅಂಟಿಸಿದ ರಬ್ಬರ್. ಆರ್ಮ್ ಮೇಲೆ ಕೆಳಗೆ ಆಡುವಾಗ ಆ ರಬ್ಬರೇ ತಿರುಚಿ ಮರಳುತ್ತದೆ. ಹೊಸ ಸೆಟ್ ಹಾಕಿದಾಗ ಬುಷ್ಷೂ ಹೊಸದೇ ಹಾಕಿದ್ದರು. ಹೊಸದು ಇಷ್ಟು ಬೇಗ ಹರಿದದ್ದೇಕೆ? ಚಕ್ರ ಗಾಳಿಯಲ್ಲಿ ನೇತಾಡುತ್ತಿದ್ದಾಗಲೇ ಬೋಲ್ಟನ್ನು ಪೂರ್ತಿ ಬಿಗಿದಿದ್ದರು. ಹಾಗೆ ಬಿಗಿದರೆ ರಬ್ಬರಿನ ವಿಶ್ರಾಂತಿಯ ಸ್ಥಾನ ಅಲ್ಲಿಗೇ ನಿಗದಿಯಾಗುತ್ತದೆ. ಜಾಕಿಯಿಂದ ಇಳಿಸಿದ ಕ್ಷಣದಿಂದ ಅದು ಹಗಲೂ ರಾತ್ರಿ ತಿರುಚಿಕೊಂಡೇ ನಿಲ್ಲುತ್ತದೆ. ಬೋಲ್ಟನ್ನು ಸುಮ್ಮನೆ ಕೂರಿಸಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಅದರ ಭಾರ ಅದರ ಮೇಲೇ ಇದ್ದಾಗ ಕೊನೆಯ ಬಿಗಿತ ಕೊಡಬೇಕು. ಅದಕ್ಕೆ ಪಿಟ್ ಬೇಕು, ಹತ್ತು ನಿಮಿಷ ಹೆಚ್ಚು ಬೇಕು. ಆ ಹತ್ತು ನಿಮಿಷಕ್ಕೆ ಬಿಲ್ಲಿನಲ್ಲಿ ಸಾಲು ಇಲ್ಲ, ಹಾಗಾಗಿ ಎಷ್ಟೋ ಕಡೆ ಅದು ಆಗುವುದೇ ಇಲ್ಲ. ನಿಮ್ಮ ಮನೆಯ ಗಾಡಿಗೆ ಬುಷ್ ಹಾಕಿಸುವಾಗ ಪಕ್ಕದಲ್ಲಿ ನಿಂತು ಇದೊಂದನ್ನು ಕೇಳಿ.

ನಾಲ್ಕನೆಯದು ಧಡ್. ರಸ್ತೆಯ ಉಬ್ಬು ಹತ್ತುವಾಗ ಅಲ್ಲ, ಇಳಿಯುವಾಗ. ಇದರ ಕಾರಣ ತಿಳಿದಾಗ ಮಾಲೀಕರ ಮುಖ ನೋಡುವಂತಿತ್ತು, ಏಕೆಂದರೆ ಸದ್ದು ಮಾಡುತ್ತಿದ್ದದ್ದು ಅವರು ಹಣ ಕೊಟ್ಟು ಹಾಕಿಸಿದ ಗಟ್ಟಿ ಸ್ಪ್ರಿಂಗೇ. ಇದು ಹೇಗೆ ಎಂಬುದಕ್ಕೆ ಪ್ರಥಮ ಪಿಯುಸಿಯ ಲೆಕ್ಕ ಸಾಕು. ಹಗುರ ಕಾರು, ಒಂದು ಚಕ್ರದ ಪಾಲಿಗೆ 200 ಕಿಲೋ ಎಂದು ಇಟ್ಟುಕೊಳ್ಳಿ. ಸ್ಪ್ರಿಂಗ್ ಒಂದು ಮಿಲಿಮೀಟರ್ ಕುಗ್ಗಲು 15 ನ್ಯೂಟನ್ ಬೇಕು ಎಂದುಕೊಳ್ಳಿ. 200ನ್ನು 9.8ರಿಂದ ಗುಣಿಸಿ 15ರಿಂದ ಭಾಗಿಸಿದರೆ ಸುಮಾರು 130. ಅಂದರೆ ಕಾರು ಸುಮ್ಮನೆ ನಿಂತಾಗಲೇ ಸ್ಪ್ರಿಂಗ್ 13 ಸೆಂಟಿಮೀಟರ್ ಕುಗ್ಗಿರುತ್ತದೆ. ಉಬ್ಬು ಇಳಿದು ಚಕ್ರ 8 ಸೆಂಟಿಮೀಟರ್ ಕೆಳಗೆ ಜೋತುಬಿದ್ದರೂ ಸ್ಪ್ರಿಂಗಿನಲ್ಲಿ ಇನ್ನೂ 5 ಸೆಂಟಿಮೀಟರ್ ಒತ್ತಡ ಉಳಿದಿರುತ್ತದೆ, ಅದು ತನ್ನ ಬಟ್ಟಲನ್ನು ಬಿಡುವುದಿಲ್ಲ. ಈಗ ಸ್ಪ್ರಿಂಗಿನ ಗಡಸುತನ ಎರಡರಷ್ಟು ಮಾಡಿ. ಅದು ಕುಗ್ಗುವುದು ಆರೂವರೆ ಸೆಂಟಿಮೀಟರ್ ಮಾತ್ರ. ಚಕ್ರ 8 ಸೆಂಟಿಮೀಟರ್ ಇಳಿದಾಗ ಒಂದೂವರೆ ಸೆಂಟಿಮೀಟರ್ ಸಡಿಲ. ಗಾಡಿಯನ್ನು ತಗ್ಗಿಸಿದ್ದರಿಂದ ಚಕ್ರಕ್ಕೆ ಕೆಳಗಿಳಿಯಲು ಜಾಗ ಮೊದಲಿಗಿಂತ ಹೆಚ್ಚಾಗಿದೆ, ಹಾಗಾಗಿ ಸಡಿಲ ಇನ್ನೂ ಹೆಚ್ಚು. ಸ್ಪ್ರಿಂಗ್ ಬಟ್ಟಲಿನಿಂದ ಎದ್ದು ಮತ್ತೆ ಬಂದು ಕೂರುತ್ತದೆ: ಧಡ್. ಮಾಮು ಚಕ್ರ ನೇತಾಡಿಸಿ ತೋರಿಸಿದರು. ಸ್ಪ್ರಿಂಗನ್ನು ಬೆರಳಿನಿಂದ ತಿರುಗಿಸಬಹುದಿತ್ತು. ಹೀಗೆ ಸಡಿಲವಾದ ಸ್ಪ್ರಿಂಗ್ ವೇಗದಲ್ಲಿರುವಾಗ ವಾರೆಯಾಗಿ ಕೂತರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ. ಹಣ ಉಳಿಸಲು ಕಂಪನಿಯ ಸ್ಪ್ರಿಂಗನ್ನೇ ಒಂದೂವರೆ ಸುತ್ತು ಕತ್ತರಿಸುವವರೂ ಇದ್ದಾರೆ. ಅದು ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಕತ್ತರಿಸಿದ ತುದಿಗೆ ಸಪಾಟಾಗಿ ಕೂರಲು ಬರುವುದಿಲ್ಲ.

ಅದೃಷ್ಟಕ್ಕೆ ಹಳೆಯ ಸ್ಪ್ರಿಂಗುಗಳು ಅವರ ಮನೆಯ ಮಂಚದ ಕೆಳಗೇ ಇದ್ದವು. ಮರುದಿನ ತಂದರು, ಹಾಕಿದೆವು.

ನನ್ನ ಮಾತನ್ನು ಒಪ್ಪದವರು ತರಗತಿಯಲ್ಲೇ ಇದ್ದಾರೆ. ಗಟ್ಟಿ ಸ್ಪ್ರಿಂಗ್ ಇದ್ದರೆ ತಿರುವಿನಲ್ಲಿ ಗಾಡಿ ವಾಲುವುದಿಲ್ಲ, ರೇಸಿನವರು ಹಾಗೇ ಮಾಡುತ್ತಾರಲ್ಲ ಎನ್ನುತ್ತಾರೆ. ಅದು ನಿಜ, ವಾಲುವುದು ಕಡಿಮೆಯಾಗುತ್ತದೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ರೇಸ್ ಟ್ರ್ಯಾಕಿನಲ್ಲಿ, ಕೇರಂ ಬೋರ್ಡಿನಂಥ ನೆಲದ ಮೇಲೆ, ಗಟ್ಟಿ ಸ್ಪ್ರಿಂಗಿಗೆ ಬೆಲೆ ಇದೆ. ಹೆದ್ದಾರಿ 66ರ ನಾಲ್ಕು ಪಥದ ನಯವಾದ ಭಾಗದಲ್ಲಿ ಈ ಕಾರು ಕೂಡ ಮೊದಲು ಚೆನ್ನಾಗಿಯೇ ಓಡುತ್ತಿತ್ತು ಎಂದು ಮಾಲೀಕರು ಹೇಳಿದರು, ನಾನು ನಂಬುತ್ತೇನೆ. ಆದರೆ ತಿರುವಿನಲ್ಲಿ ಗಾಡಿಯನ್ನು ಹಿಡಿಯುವುದು ಸ್ಪ್ರಿಂಗಲ್ಲ, ಟೈರು. ಟೈರು ನೆಲಕ್ಕೆ ಅಂಟಿದ್ದರೆ ಹಿಡಿತ, ನೆಲ ಬಿಟ್ಟರೆ ಏನೂ ಇಲ್ಲ. ಹೊಂಡ, ಉಬ್ಬು, ತೇಪೆ ಇರುವ ರಸ್ತೆಯಲ್ಲಿ ಗಟ್ಟಿ ಸ್ಪ್ರಿಂಗ್ ಚಕ್ರವನ್ನು ಕುಪ್ಪಳಿಸುವಂತೆ ಮಾಡುತ್ತದೆ. ಅರಬೈಲ್ ಘಟ್ಟದ ಮಳೆಗಾಲದ ತಿರುವಿನಲ್ಲಿ, ಎದುರಿಗೆ ಲಾರಿ ಬರುವಾಗ, ನನಗೆ ಬೇಕಾದ್ದು ಸ್ವಲ್ಪ ವಾಲುವ, ಆದರೆ ನಾಲ್ಕೂ ಚಕ್ರ ನೆಲದ ಮೇಲಿರುವ ಗಾಡಿ.

ಶಾಕ್ ಅಬ್ಸಾರ್ಬರ್ ವಿಷಯವೂ ಇದೆ. ಸ್ಪ್ರಿಂಗ್ ಶಕ್ತಿಯನ್ನು ಹಿಡಿದಿಟ್ಟು ವಾಪಸ್ ಕೊಡುತ್ತದೆ ಅಷ್ಟೇ. ಆ ಶಕ್ತಿಯನ್ನು ಬಿಸಿಯಾಗಿ ಕರಗಿಸಿ ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಒಳಗಿನ ಎಣ್ಣೆ, ಸಣ್ಣ ತೂತುಗಳ ಮೂಲಕ ಕಷ್ಟಪಟ್ಟು ಹಾದುಹೋಗುವಾಗ. ಸ್ಪ್ರಿಂಗಿನ ಗಡಸುತನ ಎರಡರಷ್ಟಾದರೆ ಕುಣಿತದ ಆವೃತ್ತಿ ಸೆಕೆಂಡಿಗೆ ಸುಮಾರು 1.4ರಿಂದ ಸುಮಾರು 2ಕ್ಕೆ ಏರುತ್ತದೆ, ಅದನ್ನು ಮೊದಲಿನಷ್ಟೇ ಚೆನ್ನಾಗಿ ತಡೆಯಲು 1.4 ಪಟ್ಟು ಬಲದ ಶಾಕ್ ಅಬ್ಸಾರ್ಬರ್ ಬೇಕು. ಬರೀ ಸ್ಪ್ರಿಂಗ್ ಬದಲಿಸಿದವನ ಗಾಡಿ ಗಟ್ಟಿಯೂ ಆಗಿರುತ್ತದೆ, ಕುಣಿಯುತ್ತಲೂ ಇರುತ್ತದೆ. ಎರಡು ಕಡೆಯ ನಷ್ಟ.

ಮುಂದಿನ ಎರಡು ಮಾತ್ರ ಗಟ್ಟಿ ಮಾಡಿಸುವವರಿಗೆ ಇನ್ನೊಂದು ವಿಷಯ. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯಲ್ಲಿ ಮಾರಿಸ್ ಆಲಿ ಎಂಬ ಇಂಗ್ಲಿಷ್ ಎಂಜಿನಿಯರ್ ಇದ್ದರು. ಭಾರವನ್ನು ಬೇಕಾದಲ್ಲಿಗೆ ಸರಿಸಬಹುದಾದ ಒಂದು ಪ್ರಯೋಗದ ಕಾರು ಕಟ್ಟಿ ಅವರು ಕಂಡುಕೊಂಡದ್ದು ಏನೆಂದರೆ, ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಮೆತ್ತಗಿರಬೇಕು. ಉಬ್ಬು ಮೊದಲು ಮುಂದಿನ ಚಕ್ರಕ್ಕೆ ಸಿಗುತ್ತದೆ, ಸ್ವಲ್ಪ ಹೊತ್ತಿನ ನಂತರ ಹಿಂದಿನದಕ್ಕೆ. ಹಿಂದಿನದು ಸ್ವಲ್ಪ ಬೇಗ ಆಡಿದರೆ ಮುಂದಿನದನ್ನು ಹೋಗಿ ಸೇರಿಕೊಳ್ಳುತ್ತದೆ, ಗಾಡಿ ಸಮತಟ್ಟಾಗಿ ಎದ್ದು ಇಳಿಯುತ್ತದೆ. ಅದನ್ನು ತಿರುಗಮುರುಗ ಮಾಡಿದರೆ ಗಾಡಿ ದೋಣಿಯಂತೆ ಮೂಗು ಎತ್ತಿ ಇಳಿಸುತ್ತದೆ. ಬೈತಕೋಲ್ ಬಂದರಿನ ದೋಣಿಗೆ ಅದು ಸರಿ, ಕಾರಿಗೆ ಸರಿಯಲ್ಲ. ಕಂಪನಿಯವರು ಇಂಥ ಲೆಕ್ಕವನ್ನೆಲ್ಲ ಹಾಕಿಯೇ ನಾಲ್ಕು ಸ್ಪ್ರಿಂಗ್ ಕೊಟ್ಟಿರುತ್ತಾರೆ.

ಸ್ಪೋರ್ಟ್ಸ್ ಕಾರು ಎಂದರೆ ಗಟ್ಟಿಯಾಗಿರಬೇಕು ಎಂಬ ನಂಬಿಕೆಯೇ ಅರ್ಧ ಸುಳ್ಳು. ಬ್ರಿಟನ್ನಿನ ಲೋಟಸ್ ಕಂಪನಿ 1962ರಲ್ಲಿ ತಂದ ಎಲಾನ್ ಎಂಬ ಎರಡು ಸೀಟಿನ ಕಾರು ಇಂದಿಗೂ ಹೆಸರಾಗಿರುವುದು ಅದರ ಹಗುರ ಮೈಗೆ, ಮೆತ್ತನೆಯ ಸ್ಪ್ರಿಂಗಿಗೆ. ಮೈ ಹಗುರವಾದರೆ ಸ್ಪ್ರಿಂಗೂ ಮೆತ್ತಗಿರಬಹುದು. ನಮ್ಮ ಹತ್ತಿರದಲ್ಲೂ ಇಂಥ ಹಗುರ ಕಾರು ಮಾಡಿದವರಿದ್ದಾರೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತೋ ಕಾಣೆ. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ಡಾಲ್ಫಿನ್ ಎಂಬ ಫೈಬರ್ ಮೈಯ ಪುಟ್ಟ ಕಾರು ಮಾಡಿತ್ತು. ಹಗುರ ಎಂಬ ಕಾರಣಕ್ಕೆ ರೇಸಿನವರು ಅದನ್ನು ಇಷ್ಟಪಟ್ಟರು. 1990ರ ದಶಕದ ಕೊನೆಗೆ ಪಕ್ಕದ ಗೋವಾದಲ್ಲೇ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ತೆರೆದ ಕಾರು ತಯಾರಾಯಿತು. ಫೈಬರ್ ಮೈ, ರೆನೋ ಕಂಪನಿಯ 1,149 ಸಿಸಿ ಎಂಜಿನ್, ಸುಮಾರು 60 ಅಶ್ವಶಕ್ತಿ. ಇಂದಿನ ಸಾಮಾನ್ಯ ಕಾರಿಗೂ ಅದಕ್ಕಿಂತ ಹೆಚ್ಚು ಶಕ್ತಿ ಇರುತ್ತದೆ, ಆದರೂ ಅದು ಸ್ಪೋರ್ಟ್ಸ್ ಕಾರೇ.

ಕಾನೂನಿನ ಮಾತು ಚಿಕ್ಕದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಮೂಲತಃ ನಮೂದಿಸಿದ ವಿವರಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಸವೆದದ್ದನ್ನು ತೆಗೆದು ಅದೇ ಅಳತೆಯ ಹೊಸದು ಹಾಕಿಸುವುದಕ್ಕೆ ಯಾರ ತಕರಾರೂ ಇಲ್ಲ. ನನ್ನ ಪ್ರಕಾರ ನಿಜವಾದ ಇಂಪ್ರೂವ್‌ಮೆಂಟ್ ಅಲ್ಲಿಯೇ ಇದೆ: ಇಪ್ಪತ್ತು ವರ್ಷದ ಕಾರಿನ ಎಲ್ಲ ಬುಷ್, ಲಿಂಕ್ ರಾಡ್, ಶಾಕ್ ಅಬ್ಸಾರ್ಬರ್ ಕಂಪನಿಯ ಅಳತೆಯದೇ ಹೊಸದಾದರೆ, ಚಕ್ರದ ಅಲೈನ್‌ಮೆಂಟ್ ಸರಿಯಾದರೆ, ಅದು ಯಾವ ರೇಸ್ ಕಿಟ್ಟಿಗಿಂತಲೂ ಹೆಚ್ಚು ಬದಲಾಗುತ್ತದೆ. ಅದರ ಫೋಟೋ ತೆಗೆಯಲು ಮಾತ್ರ ಬರುವುದಿಲ್ಲ.

ಆ ಕಾರು ವಾಪಸ್ ಹೋಗುವಾಗ ಮಾಮು ಮಾಲೀಕರಿಗೆ ಒಂದು ಕೆಲಸ ಹೇಳಿ ಕಳಿಸಿದರು: ಕಾಳಿ ಸೇತುವೆ ದಾಟುವಾಗ ಮ್ಯೂಸಿಕ್ ಬಂದ್ ಮಾಡಿ ಕೇಳಿ. ಸೇತುವೆಯ ಒಂದೊಂದು ಸ್ಪ್ಯಾನ್ ಸೇರುವ ಜಾಗದಲ್ಲಿ ಜಾಯಿಂಟ್ ಇರುತ್ತದೆ, ಗಾಡಿಗೆ ಒಂದೇ ಥರದ ಪೆಟ್ಟು ಸಮನಾದ ಅಂತರದಲ್ಲಿ ಸಿಗುತ್ತದೆ. ಅಂಥ ಪರೀಕ್ಷೆಯ ರಸ್ತೆ ಕಟ್ಟಿಸಲು ಕಂಪನಿಗಳು ಲಕ್ಷಗಟ್ಟಲೆ ಸುರಿಯುತ್ತವೆ. 2024ರ ಆಗಸ್ಟ್ 7ರ ರಾತ್ರಿ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದದ್ದು, ಚಾಲಕನನ್ನು ಜೀವಂತ ಎತ್ತಿದ್ದು ನಮಗೆಲ್ಲ ನೆನಪಿದೆ. ನಾನು ಹೇಳುವುದು ಪಕ್ಕದ ಹೊಸ ಸೇತುವೆಯ ಮಾತು. ಸಂಜೆ ಫೋನ್ ಬಂತು. ಟಪ್, ಟಪ್ ಎಂದು ಟೈರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲವಂತೆ.

ಇನ್ನು ನಮ್ಮ ಕಾಲೇಜಿಗೆ ಸಂಬಂಧಿಸಿದ ಮಾತು, ಇದನ್ನು ಉಪನ್ಯಾಸಕರೂ ಓದುತ್ತಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಪ್ರಥಮ ಪಿಯುಸಿ ಭೌತಶಾಸ್ತ್ರದ ಎನ್‌ಸಿಇಆರ್‌ಟಿ ಪುಸ್ತಕದ ಆಸಿಲೇಷನ್ಸ್ ಪಾಠ ಈಗ ಸರಳ ಲೋಲಕಕ್ಕೆ ಬಂದು ನಿಲ್ಲುತ್ತದೆ. ಪಠ್ಯ ಇಳಿಸುವಾಗ ಅದರ ನಂತರದ ಎರಡು ಭಾಗ, ಡ್ಯಾಂಪಿಂಗ್ ಮತ್ತು ರೆಸೊನೆನ್ಸ್, ಹೊರಗೆ ಹೋದವು. ಅಂದರೆ ಎಂದೂ ನಿಲ್ಲದ ಕುಣಿತವನ್ನು ಮಾತ್ರ ಓದುತ್ತೇವೆ, ಕುಣಿತ ನಿಲ್ಲುವುದು ಹೇಗೆ ಎಂಬುದನ್ನು ಬಿಡುತ್ತೇವೆ. ಸೀನಿಯರ್ ಒಬ್ಬರ ಹಳೆಯ ಪುಸ್ತಕದಲ್ಲಿ ನಾನು ಅವನ್ನು ಓದಿದೆ. ಒಂದು ಕಾರಿನ ನಾಲ್ಕು ಸದ್ದಿನಲ್ಲಿ ಒಂದಕ್ಕೆ ಉತ್ತರ ಆ ಬಿಟ್ಟುಹೋದ ಪುಟಗಳಲ್ಲೇ ಇತ್ತು. ಸಿಇಟಿ, ನೀಟ್‌ಗೆ ಬರುವುದಿಲ್ಲ ಎಂದು ಯಾರಾದರೂ ಹೇಳಬಹುದು. ಬರದಿರಬಹುದು. ನಮ್ಮಲ್ಲಿ ಎಷ್ಟು ಜನ ಡಾಕ್ಟರ್ ಆಗುತ್ತೇವೋ ಗೊತ್ತಿಲ್ಲ, ಆದರೆ ಕಾರವಾರ ಅಂಕೋಲೆ ನಡುವಿನ ಈ ಸುಮಾರು 35 ಕಿಲೋಮೀಟರ್ ಎಲ್ಲರೂ ಓಡಾಡುತ್ತೇವೆ.

ಗ್ಯಾರೇಜ್ ಎಂದರೆ ಓದು ತಲೆಗೆ ಹತ್ತದವರು ಹೋಗುವ ಜಾಗ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಇದೆ. ನನ್ನ ಮನೆಯಲ್ಲೂ ಇದೆ, ಮಾಮು ಊಟಕ್ಕೆ ಬಂದಾಗ ಮಾತ್ರ ಯಾರೂ ಎತ್ತುವುದಿಲ್ಲ. ಅಂದು ಅವರು ಮಾಡಿದ್ದನ್ನು ನಾನು ಬರೆದಿಟ್ಟುಕೊಂಡಿದ್ದೇನೆ: ಅನುಮಾನ, ಅದಕ್ಕೊಂದು ಪರೀಕ್ಷೆ, ಒಂದು ಸಲಕ್ಕೆ ಒಂದೇ ಬದಲಾವಣೆ, ತಪ್ಪಿದರೆ ಮುಂದಿನ ಅನುಮಾನ. ನಮ್ಮ ರೆಕಾರ್ಡ್ ಪುಸ್ತಕದ ಯಾವ ಪ್ರಯೋಗಕ್ಕಿಂತಲೂ ಅದು ಶುದ್ಧವಾಗಿತ್ತು.

ಆದ್ದರಿಂದ ಒಂದು ಮನವಿ. ಒಂದು ಶನಿವಾರ ಮಧ್ಯಾಹ್ನ ಎರಡು ಗಂಟೆ ಲ್ಯಾಬ್ ಕೊಡಿ. ಒಂದು ಸ್ಪ್ರಿಂಗ್, ಅರ್ಧ ಕಿಲೋ ತೂಕ, ಒಂದು ಬೀಕರ್ ನೀರು, ಒಂದು ಬೀಕರ್ ಎಣ್ಣೆ ಸಾಕು. ತೂಕ ಗಾಳಿಯಲ್ಲಿ, ನೀರಿನಲ್ಲಿ, ಎಣ್ಣೆಯಲ್ಲಿ ಎಷ್ಟು ಸಲ ಕುಣಿದು ನಿಲ್ಲುತ್ತದೆ ಎಂದು ಎಣಿಸೋಣ. ಮಾಮು ಒಂದು ಟೆಂಪೋದಿಂದ ಬಿಚ್ಚಿದ ಎರಡು ಹಳೆಯ ಶಾಕ್ ಅಬ್ಸಾರ್ಬರ್ ಎತ್ತಿಟ್ಟಿದ್ದಾರೆ. ಒಂದು ಇನ್ನೂ ಜೀವ ಹಿಡಿದಿದೆ, ಒಂದು ಎಣ್ಣೆ ಸೋರಿ ಸತ್ತಿದೆ. ಎರಡನ್ನೂ ಕೈಯಿಂದ ಒತ್ತಿ ಎಳೆದು ನೋಡಿದರೆ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತದೆ. ಸತ್ತದ್ದನ್ನು ಉದ್ದಕ್ಕೆ ಸೀಳಿ ಒಳಗಿನ ವಾಲ್ವ್ ಕಾಣುವಂತೆ ಮಾಡಿಕೊಡುತ್ತೇನೆ ಎಂದೂ ಹೇಳಿದ್ದಾರೆ. ಅದು ಗ್ಯಾಸ್ ತುಂಬಿದ್ದಲ್ಲ, ಹಾಗಾಗಿ ಕೊಯ್ಯಲು ಭಯವಿಲ್ಲ. ದಿನ ಹೇಳಿದರೆ ಬಸ್ಸಿನಲ್ಲಿ ತರುವ ಹೊಣೆ ನನ್ನದು. ಎಣ್ಣೆ ಪೂರ್ತಿ ಬಸಿದು, ಗೋಣಿ ಸುತ್ತಿ ತರುತ್ತೇನೆ. ಲ್ಯಾಬ್ ಅಟೆಂಡರ್ ಟೇಬಲ್ಲಿನ ಚಿಂತೆ ಮಾಡಬೇಕಿಲ್ಲ.